ಹನ್ನೊಂದು ಸೆಕೆಂಡಿನ ಪರಾಕ್ರಮ

"ಇವತ್ತಿಂದ ಈ ಮನೆಯಲ್ಲಿ ಕಂಪ್ಯೂಟರ್ ಆಫ್ ಆಗೋಕೆ ಹದಿನೈದು ಸೆಕೆಂಡಿಗಿಂತ ಒಂದೇ ಒಂದು ಸೆಕೆಂಡು ಜಾಸ್ತಿ ಹಿಡಿದರೂ ನನ್ನನ್ನ ಟೈಂಕೀಪರ್ ಅಂತ ಕರೀಬೇಡಿ!"

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಂಡು, ಟವೆಲನ್ನು ಹೆಗಲಿಗೆ ಎಸೆದುಕೊಂಡು ಟೈಂಕೀಪರ್ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಳ್ಳಲು ಅಲ್ಲಿದ್ದವಳು ಹೆಂಡತಿ ಒಬ್ಬಳೇ. ಅವಳು ತಟ್ಟೆ ಎತ್ತುತ್ತಿದ್ದಳು.

"ನಾನು ನಿಮ್ಮನ್ನ ಯಾವತ್ತೂ ಹಾಗೆ ಕರೆದೇ ಇಲ್ಲವಲ್ಲ" ಎಂದಳು.

ನಗರದ ಬಸ್ ಡಿಪೋದಲ್ಲಿ ಅವನದು ಇಪ್ಪತ್ತೊಂದು ವರ್ಷದ ಸೇವೆ. ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ಗಂಟೆಗೆ ಒಳಗೆ ಬಂತು ಎಂದು ಬರೆದಿಡುವುದು ಕೆಲಸ. ಎರಡು ನಿಮಿಷ ತಡವಾದರೆ ಕೆಂಪು ಶಾಯಿ. ಡ್ರೈವರುಗಳು ಹಿಂದಿನಿಂದ ಅವನನ್ನು "ಮುಳ್ಳು" ಎಂದು ಕರೆಯುತ್ತಿದ್ದರು. ಅದು ಗಡಿಯಾರದ ಮುಳ್ಳೋ, ಕಾಲಿಗೆ ಚುಚ್ಚುವ ಮುಳ್ಳೋ ಎಂದು ಅವರು ಬಿಡಿಸಿ ಹೇಳಿರಲಿಲ್ಲ. ಅವನೂ ಕೇಳಲು ಹೋಗಿರಲಿಲ್ಲ.

ಇಂಥ ಮುಳ್ಳಿಗೇ ಶನಿವಾರ ಮುಳ್ಳು ಚುಚ್ಚಿತ್ತು. ಕಂಪ್ಯೂಟರ್ ಪೂರ್ತಿ ಆರಬೇಕು, ಗೋಡೆಯ ಸ್ವಿಚ್ಚನ್ನು ಆರಿಸಬೇಕು, ಆಮೇಲೆಯೇ ಚಪ್ಪಲಿ ಮೆಟ್ಟಬೇಕು ಎಂಬುದು ಮನೆ ಬಿಡುವ ಮುನ್ನ ಅವನು ಪಾಲಿಸುತ್ತಿದ್ದ ನಿಯಮ. ಆ ದಿನ ಕಂಪ್ಯೂಟರ್ "ಬಂದ್ ಆಗುತ್ತಿದೆ" ಎಂದಿತು. ಮತ್ತೆ "ಬಂದ್ ಆಗುತ್ತಿದೆ" ಎಂದಿತು. ಒಂದು ಪುಟ್ಟ ಚಕ್ರ ತೆರೆಯ ನಡುವೆ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು. ಹಾಗೆ ಸುತ್ತಿ ಮುಗಿಸುವಷ್ಟರಲ್ಲಿ ಬಸ್ಸು ತಪ್ಪಿ, ಎರಡೂವರೆಯ ಪಾಳಿಗೆ ಟೈಂಕೀಪರ್ ನಾಲ್ಕು ನಿಮಿಷ ತಡವಾಗಿ ಬಂದ. ಡ್ರೈವರುಗಳು ಗೇಟಿನ ಎರಡೂ ಬದಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಸ್ವಾಗತಿಸಿದರು. ಅವನು ಯಾರ ಮುಖವನ್ನೂ ನೋಡದೆ ಗೂಡಿನೊಳಗೆ ಹೋಗಿ, ಪೆನ್ನಿನ ಮುಚ್ಚಳ ತೆಗೆದು, ತನ್ನ ಹೆಸರನ್ನು ತಾನೇ ಕೆಂಪು ಶಾಯಿಯಲ್ಲಿ ಬರೆದ.

ಆದ್ದರಿಂದಲೇ ಈ ಶಪಥ.

ಮೊದಲು ರೋಗದ ಅಳತೆ. ಕೈಯಲ್ಲಿ ಡಿಪೋದ ಸ್ಟಾಪ್‌ವಾಚ್ ಹಿಡಿದು ಆಫ್ ಒತ್ತಿದ. ಆರು ನಿಮಿಷ ನಲವತ್ತು ಸೆಕೆಂಡು! ಅಷ್ಟರಲ್ಲಿ ಒಂದು ಬಸ್ಸು ಮೂರು ನಿಲ್ದಾಣ ದಾಟುತ್ತದೆ. ಆಮೇಲೆ ಅಂತರ್ಜಾಲ ಜಾಲಾಡಿ, "ನಿಮ್ಮ ಕಂಪ್ಯೂಟರಿಗೆ ರೆಕ್ಕೆ ಕಟ್ಟುತ್ತೇವೆ" ಎಂದ ಪ್ರೋಗ್ರಾಮೊಂದನ್ನು ತಂದು ಹಾಕಿದ. ಏಳು ನಿಮಿಷ ಹತ್ತು ಸೆಕೆಂಡು. ರೆಕ್ಕೆ ಸಾಲದೇನೋ ಎಂದು ಇನ್ನೊಂದು ಹಾಕಿದ. ಏಳು ಐವತ್ತೈದು. ಸಂಜೆಯ ಹೊತ್ತಿಗೆ ಅಂಥ ನಾಲ್ಕು ವೇಗವರ್ಧಕಗಳು ಒಳಗೆ ಸೇರಿ, ಒಬ್ಬ ಮುದುಕನನ್ನು ಬೇಗ ನಡೆಸುತ್ತೇವೆಂದು ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆದ ಹಾಗಾಗಿ, ಸ್ಟಾಪ್‌ವಾಚು ಒಂಬತ್ತು ನಿಮಿಷ ಮುಟ್ಟಿತು.

"ಆಯ್ತಾ ಹದಿನೈದು ಸೆಕೆಂಡು?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಚಿಕಿತ್ಸೆಯಲ್ಲಿದೆ" ಎಂದ ಗಂಭೀರವಾಗಿ.

"ನೋಡಿ, ಅದರಲ್ಲಿ ನನ್ನ ಪಾಠಗಳಿವೆ. ಅವಕ್ಕೆ ಏನೂ ಆಗಬಾರದು."

ಪಾಠಗಳ ವಿಷಯ ಇಷ್ಟು. ಹೆಂಡತಿ ಗ್ರಂಥಾಲಯದ ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದಳು. ದನಿ ಚೆನ್ನಾಗಿತ್ತು. ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ ಪಠ್ಯಪುಸ್ತಕಗಳನ್ನು ಓದಿ, ರೆಕಾರ್ಡ್ ಮಾಡಿ ಕೊಡುತ್ತಿದ್ದಳು. ಆ ವರ್ಷ ವಿಜ್ಞಾನದ ಪುಸ್ತಕ ಹೊಸದು. ಬೆರಳಿನಿಂದ ಓದುವ ಪ್ರತಿ ಇನ್ನೂ ಸಿದ್ಧವಾಗಿರಲಿಲ್ಲ. ಇಪ್ಪತ್ಮೂರು ಮಕ್ಕಳಿಗೆ ಅವಳ ದನಿಯೇ ಪುಸ್ತಕ. ಒಂಬತ್ತು ಪಾಠಗಳಲ್ಲಿ ಎಂಟು ಮುಗಿದಿದ್ದವು. ಮುಂದಿನ ಸೋಮವಾರ ಪರೀಕ್ಷೆ, ಶುಕ್ರವಾರ ಬೆಳಿಗ್ಗೆಯೊಳಗೆ ಎಲ್ಲವೂ ಶಾಲೆ ತಲುಪಬೇಕಿತ್ತು.

ಮಂಗಳವಾರ ಟೈಂಕೀಪರಿಗೆ ದಿವ್ಯೌಷಧ ಸಿಕ್ಕಿತು. ವಿಡಿಯೋ ಒಂದರಲ್ಲಿ ಯಾವನೋ ಪುಣ್ಯಾತ್ಮ ಕಂಪ್ಯೂಟರಿನ ಕರುಳನ್ನೇ ತೆರೆದು ತೋರಿಸುತ್ತಿದ್ದ. ಆಫ್ ಒತ್ತಿದ ಮೇಲೆ ಕಂಪ್ಯೂಟರು ಒಳಗಿನ ಪ್ರೋಗ್ರಾಮುಗಳಿಗೆಲ್ಲ "ನಿಮ್ಮ ಕೆಲಸ ಮುಗಿಯಿತೇ?" ಎಂದು ಕೇಳಿ ಕಾಯುತ್ತದಂತೆ. ಆ ಕಾಯುವ ಅವಧಿಯನ್ನು ಒಂದು ಸೆಕೆಂಡಿಗೆ ಇಳಿಸಬಹುದಂತೆ. ಕೇಳುವುದನ್ನೇ ನಿಲ್ಲಿಸಿಬಿಡಬಹುದಂತೆ! "ಮೊದಲು ಎಲ್ಲದರ ಪ್ರತಿ ತೆಗೆದಿಟ್ಟುಕೊಳ್ಳಿ, ಗೊತ್ತಿಲ್ಲದವರು ಮುಟ್ಟಬೇಡಿ" ಎಂದು ಆ ಪುಣ್ಯಾತ್ಮ ಮೂರು ಸಲ ಹೇಳಿದ್ದ. ಆದರೆ ಟೈಂಕೀಪರ್ ವಿಡಿಯೋವನ್ನು ದುಪ್ಪಟ್ಟು ವೇಗದಲ್ಲಿ ನೋಡುತ್ತಿದ್ದುದರಿಂದ ಆ ಮಾತು ಕೊಕ್ಕೊಕ್ಕೊಕ್ಕೋ ಎಂದು ಕೇಳಿಸಿ ಹೋಯಿತು.

ಅಂಕಿ ಬದಲಾಯಿಸಿದ. ಆಫ್ ಒತ್ತಿದ. ತೆರೆ ಒಮ್ಮೆ ಬೆಚ್ಚಿಬಿದ್ದ ಹಾಗಾಗಿ ಕಪ್ಪಾಯಿತು.

ಹನ್ನೊಂದು ಸೆಕೆಂಡು!

ಟೈಂಕೀಪರ್ ಕುರ್ಚಿಯಿಂದ ಎದ್ದು ನಿಂತ. ಜಗತ್ತು ಗೆದ್ದವರು ಸಾಮಾನ್ಯವಾಗಿ ಎದ್ದು ನಿಲ್ಲುತ್ತಾರೆ. ಹೆಂಡತಿಗೆ ಹೇಳಿದ, ಅವಳು "ಸರಿ" ಎಂದಳು. ಇಷ್ಟು ದೊಡ್ಡ ಸಾಧನೆಗೆ "ಸರಿ" ಸಾಲದೆನಿಸಿ, ಭಾವಮೈದುನನಿಗೆ ಫೋನ್ ಮಾಡಿ "ನಾಳೆ ಬಾ, ಒಂದು ವಿಷಯ ತೋರಿಸ್ತೀನಿ" ಎಂದ. ಭಾವಮೈದುನನದು ಕನ್ನಡಕದ ಅಂಗಡಿ. ಬುಧವಾರ ಅಂಗಡಿಗೆ ರಜೆ.

ಬುಧವಾರ ಹನ್ನೊಂದು ಗಂಟೆಗೆ ಅವನು ಬಂದಾಗ ಅಕ್ಕ ನಡುಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂಬತ್ತನೆಯ ಪಾಠ ಓದುತ್ತಿದ್ದಳು. ಪಾಠದ ಹೆಸರು ಭೂಕಂಪ. ನಲವತ್ತೈದು ನಿಮಿಷ ಓದಿ, ಗಂಟಲು ಒಣಗಿ, ಇನ್ನು ಎರಡೇ ಪುಟ ಇದೆ ಎನ್ನುವಾಗ ರೆಕಾರ್ಡಿಂಗನ್ನು ಹಾಗೆಯೇ ತಡೆದಿಟ್ಟು ಬಿಸಿನೀರು ಕುಡಿಯಲು ಅಡುಗೆಮನೆಗೆ ಹೋದಳು. ಬಾಗಿಲು ತೆರೆದದ್ದೇ ತಡ, ಟೈಂಕೀಪರ್ ಭಾವಮೈದುನನ ತೋಳು ಹಿಡಿದು ಒಳಗೆ ಎಳೆದೊಯ್ದ.

"ಕೂತ್ಕೋ. ಕಣ್ಣು ಮಿಟುಕಿಸಬೇಡ."

"ಏನು ಭಾವ ಇದು?"

"ಮೊದಲು ಇದು ಆಫ್ ಆಗೋಕೆ ಆರು ನಿಮಿಷ ನಲವತ್ತು ಸೆಕೆಂಡು. ಈಗ ನೋಡು!"

ಒತ್ತಿದ. ಭಾವಮೈದುನ ಬಾಯಿಬಿಟ್ಟು ಎಣಿಸಿದ. ಒಂಬತ್ತು, ಹತ್ತು, ಹನ್ನೊಂದು.

"ಹೋಯ್ತು!" ಎಂದ ಭಾವಮೈದುನ ಬೆರಗಿನಿಂದ.

"ಏನು ಹೋಯ್ತು?" ಎನ್ನುತ್ತ ಹೆಂಡತಿ ಲೋಟ ಹಿಡಿದು ಒಳಗೆ ಬಂದಳು. ತೆರೆ ನೋಡಿದಳು. ಗಂಡನನ್ನು ನೋಡಿದಳು. ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಯಾರು ಆಫ್ ಮಾಡಿದ್ದು?"

"ಹನ್ನೊಂದೇ ಸೆಕೆಂಡು ಅಕ್ಕ!" ಎಂದ ತಮ್ಮ, ಸಮಯ ಸಂದರ್ಭ ತಿಳಿಯದೆ.

"ನಾನು ಸೇವ್ ಮಾಡಿರಲಿಲ್ಲ."

"ಕೇಳುತ್ತಲ್ಲ ಅದು, ಸೇವ್ ಮಾಡ್ಬೇಕಾ ಅಂತ" ಎಂದವನಿಗೆ, ಕೇಳುವುದನ್ನು ನಿಲ್ಲಿಸಿದವನು ತಾನೇ ಎಂಬುದು ಆ ಕ್ಷಣ ನೆನಪಾಯಿತು.

ಮತ್ತೆ ಆನ್ ಮಾಡಿದ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ಮೂಡಿತು: ಡಿಸ್ಕ್ ಪರೀಕ್ಷೆ ನಡೆಯುತ್ತಿದೆ, ಆಫ್ ಮಾಡಬೇಡಿ. ಶೇಕಡಾ ಹನ್ನೆರಡು. ಮೂರು ನಿಮಿಷವಾದರೂ ಹನ್ನೆರಡು ಹನ್ನೆರಡೇ ಆಗಿತ್ತು. ಟೈಂಕೀಪರಿನ ಕಾಲು ನೆಲ ತಟ್ಟತೊಡಗಿತು.

"ಮುಟ್ಟಬೇಡಿ" ಎಂದಳು ಹೆಂಡತಿ.

"ನಿಂತ ಬಸ್ಸನ್ನ ತಳ್ಳದೇ ಇದ್ರೆ ಮುಂದೆ ಹೋಗಲ್ಲ ಕಣೇ."

"ಮುಟ್ಟಬೇಡಿ ಅಂದ್ರೆ—"

ಅಷ್ಟರಲ್ಲಿ ಅವನ ಬೆರಳು ಗುಂಡಿಯನ್ನು ಒತ್ತಿ ಹಿಡಿದಾಗಿತ್ತು. ಈ ಸಲ ನಾಲ್ಕೇ ಸೆಕೆಂಡು. ಆದರೆ ಆಮೇಲೆ ಎಷ್ಟು ಸಲ ಆನ್ ಮಾಡಿದರೂ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿನುಗುವುದು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಭಾವಮೈದುನನಿಗೆ ಅಂಗಡಿಯಲ್ಲಿ ಏನೋ ಕೆಲಸ ನೆನಪಾಯಿತು. ರಜೆಯ ದಿನವಾದರೂ ನೆನಪಾಯಿತು. ಚಪ್ಪಲಿ ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದ.

ಹೆಂಡತಿ ಕೂಗಾಡಿದ್ದರೆ ಟೈಂಕೀಪರಿಗೆ ಎಷ್ಟೋ ಧೈರ್ಯ ಬರುತ್ತಿತ್ತು. ಅವಳು ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು ಆ ಮಿನುಗುವ ಗೆರೆಯನ್ನೇ ನೋಡುತ್ತ, "ಉಳಿದ ಎಂಟು ಪಾಠಾನೂ ಇದರೊಳಗೇ ಇತ್ತು" ಎಂದಳು. "ಮಕ್ಕಳು ಏನು ಓದ್ತಾರೆ ಈಗ?"

"ಕಂಪ್ಯೂಟರ್ ಹಳೇದಾಗಿತ್ತು ಬಿಡು. ಇವತ್ತಲ್ಲ ನಾಳೆ—"

"ನಿಮ್ಮ ಬಾಯಲ್ಲಿ ಬೇರೆ ಏನಾದ್ರೂ ಬರುತ್ತಾ?"

"ಬೇರೆ ಏನು ಬರಬೇಕು?"

"ಅದನ್ನೂ ನಾನೇ ಓದಿ ರೆಕಾರ್ಡ್ ಮಾಡಿ ಕೊಡಲಾ?"

ಏನು ಬರಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಹತ್ತೊಂಬತ್ತು ವರ್ಷದ ಸಂಸಾರದಲ್ಲಿ "ತಪ್ಪಾಯ್ತು" ಎಂಬ ಪದ ಅವನ ಬಾಯಿಂದ ಹೊರಬಿದ್ದದ್ದಿಲ್ಲ. ಅದರ ಸುತ್ತಮುತ್ತ ಓಡಾಡಿದ್ದುಂಟು. "ಆಗಿದ್ದು ಆಯ್ತು" ಎಂದದ್ದಿದೆ. "ಯಾರ ಕೈಲಾದ್ರೂ ಆಗೋದೇ" ಎಂದದ್ದಿದೆ. ಒಮ್ಮೆ ಬಹಳ ಒತ್ತಾಯಕ್ಕೆ "ತಪ್ಪು ಯಾರದ್ದೇ ಇರಲಿ" ಎನ್ನುವವರೆಗೂ ಬಂದು ಹಿಂದಿರುಗಿದ್ದ. ಈಗಲೂ ಗಂಟಲಿನವರೆಗೆ ಬಂದದ್ದು ಅಲ್ಲೇ ಸಿಕ್ಕಿಕೊಂಡಿತು. ಬದಲಿಗೆ ಡಿಪೋಗೆ ಫೋನ್ ಮಾಡಿ ಎರಡು ದಿನ ರಜೆ ಹಾಕಿದ. ಕಂಪ್ಯೂಟರಿನ ಡಬ್ಬವನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸು ಹತ್ತಿದ.

ದುರದೃಷ್ಟಕ್ಕೆ ಪರಿಚಯದ ಡ್ರೈವರು.

"ಏನ್ ಸಾರ್, ಮಗೂಗೆ ಹುಷಾರಿಲ್ವಾ?" ಎಂದು ಕನ್ನಡಿಯಲ್ಲೇ ನೋಡಿ ಕೇಳಿದ.

"ಕಂಪ್ಯೂಟರು."

"ಏನಾಯ್ತು?"

"ಬೇಗ ಆಫ್ ಆಗ್ಲಿ ಅಂತ..."

ಡ್ರೈವರು ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಹಿಂದೆ ತಿರುಗಿ ಹೇಳಿದ: "ಅವಸರವೇ ಅಪಘಾತಕ್ಕೆ ಕಾರಣ ಅಂತ ಡಿಪೋ ಗೇಟಲ್ಲಿ ಬರೆಸಿರೋದು ನೀವೇ ಅಲ್ವಾ ಸಾರ್?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಪ್ಯೂಟರಿನ ಡಬ್ಬ ಎದೆಗೆ ಒತ್ತುತ್ತಿತ್ತು.

ಪೇಟೆ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಸಣ್ಣ ಮಳಿಗೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಐವತ್ತು ದಾಟಿದವರು. ಕನ್ನಡಕ ಹಣೆಯ ಮೇಲೆ, ತುಟಿಗಳ ನಡುವೆ ಎರಡು ಸ್ಕ್ರೂ. ಡಬ್ಬ ತೆರೆದು, ಡಿಸ್ಕ್ ಬಿಚ್ಚಿ ತಮ್ಮ ಯಂತ್ರಕ್ಕೆ ಜೋಡಿಸಿ, ಒಂದು ಗಂಟೆ ನೋಡಿದರು. ಆಮೇಲೆ ಸ್ಕ್ರೂಗಳನ್ನು ತುಟಿಯಿಂದ ತೆಗೆದರು.

"ಯಾರು ಮಾಡಿದ್ದು ಇದನ್ನ?"

"ತಾನಾಗೇ ಆಗಿದೆ ಮೇಡಂ."

"ಹಲ್ಲು ತಾನಾಗೇ ಉದುರುತ್ತೆ. ಸೆಟ್ಟಿಂಗು ತಾನಾಗೇ ಬದಲಾಗಲ್ಲ. ಈ ನಾಲ್ಕು ವೇಗವರ್ಧಕನೂ ತಾವಾಗೇ ಬಂದು ಕೂತವಾ?"

ಟೈಂಕೀಪರ್ ಬೆಡ್‌ಶೀಟನ್ನು ಮಡಿಸತೊಡಗಿದ.

"ನೀವೇನು ಕೆಲಸ ಮಾಡೋದು?"

"ಬಸ್ ಡಿಪೋ. ಟೈಂಕೀಪರ್."

"ಹಾಗಾದ್ರೆ ಹೇಳಿ. ಜನ ಇಳಿಯೋ ಮೊದಲೇ ಬಸ್ಸನ್ನ ಶೆಡ್ಡಿಗೆ ಹಾಕಿ ಬೀಗ ಜಡೀತೀರಾ?"

"ಛೆ ಛೆ! ಎಲ್ಲಾದ್ರೂ ಉಂಟಾ?"

"ಅದನ್ನೇ ನೀವು ಮಾಡಿದ್ದು. ಕಂಪ್ಯೂಟರ್ ಆಫ್ ಆಗೋ ಮೊದಲು ಎಲ್ಲರನ್ನೂ ಇಳಿಸ್ಬೇಕು. ಅದಕ್ಕೆ ಕಾಯೋದು. ಒಬ್ಬೊಬ್ಬರನ್ನೂ ಕತ್ತು ಹಿಡಿದು ತಳ್ಳಿದ್ರೆ ಕೈಕಾಲು ಮುರಿಯುತ್ತೆ. ಡಿಸ್ಕ್ ಪರೀಕ್ಷೆ ಮಧ್ಯ ಬೇರೆ ಗುಂಡಿ ಒತ್ತಿದೀರಿ. ಅದು ಆಪರೇಷನ್ ಮಧ್ಯ ದೀಪ ಆರಿಸಿದ ಹಾಗೆ."

"ಪಾಠಗಳು?" ಎಂದ.

"ಎಂಟು ಸಿಕ್ಕಿದೆ. ಒಂಬತ್ತನೇದು ಸೇವೇ ಆಗಿಲ್ಲ, ಹುಟ್ಟೇ ಇಲ್ಲ ಅಂದ್ಕೊಳ್ಳಿ."

ಗುರುವಾರ ಬೆಳಿಗ್ಗೆ ಯಂತ್ರ ಗುಣವಾಗಿ ಕೈಗೆ ಬಂತು. ಡಾಕ್ಟರಮ್ಮ ಮಾಡಿದ್ದರಲ್ಲಿ ಮಾಯಮಂತ್ರ ಏನೂ ಇರಲಿಲ್ಲ. ಕಾಯುವ ಅವಧಿಯನ್ನು ಮೊದಲಿನಂತೆಯೇ ಇಟ್ಟಿದ್ದರು. ನಾಲ್ಕು ವೇಗವರ್ಧಕಗಳನ್ನು ಓಡಿಸಿದ್ದರು. ಅರ್ಧಕ್ಕೆ ನಿಂತಿದ್ದ ಅಪ್‌ಡೇಟುಗಳನ್ನು ಮುಗಿಸಿದ್ದರು. ಆಫ್ ಆಗುವಾಗಲೆಲ್ಲ ಒಂದು ದೊಡ್ಡ ಕಡತವನ್ನು ಪೂರಾ ಒರೆಸಿ ಹಾಕುವ ಪ್ರೋಗ್ರಾಮೊಂದನ್ನು ಹಿಂದೆ ಯಾರೋ ಹಾಕಿಟ್ಟಿದ್ದರಂತೆ; ಅದು ಮುಗಿಯಲೆಂದು ಕಾಯುವುದೇ ಆರು ನಿಮಿಷ ತಿನ್ನುತ್ತಿತ್ತು. ಅದನ್ನು ತೆಗೆದಿದ್ದರು. ಪಾಠಗಳ ಪ್ರತಿಯನ್ನು ಒಂದು ಪೆನ್‌ಡ್ರೈವಿಗೂ ಹಾಕಿಕೊಟ್ಟಿದ್ದರು.

"ಇನ್ನು ಮೇಲೆ ನೀವು ತೆರೆದದ್ದನ್ನ ನೀವೇ ಸೇವ್ ಮಾಡಿ ಮುಚ್ಚಿ. ಆಮೇಲೆ ಆಫ್ ಒತ್ತಿ, ಕೈ ಕಟ್ಕೊಂಡು ಕೂತ್ಕೊಳ್ಳಿ. ತೆರೆ ಮೇಲೆ ಏನಾದ್ರೂ ಓಡ್ತಾ ಇದ್ರೆ ಕಾಯಿರಿ. ಅರ್ಥ ಆಯ್ತಾ? ಕಾ-ಯಿ-ರಿ."

ಆ ಕೊನೆಯ ಮೂರಕ್ಷರವನ್ನು ಟೈಂಕೀಪರ್ ಎದೆಯಲ್ಲಿ ಕೆತ್ತಿಕೊಂಡು ಮನೆಗೆ ಬಂದ.

ಮಧ್ಯಾಹ್ನ ಒಂದೂವರೆಗೆ ಹೆಂಡತಿ ಭೂಕಂಪವನ್ನು ಮತ್ತೆ ಮೊದಲಿಂದ ಓದಲು ಕೂತಳು. ಮೂರಕ್ಕೆ ಅವಳು ಗ್ರಂಥಾಲಯದಲ್ಲಿರಬೇಕು. ಮೌನದ ಕಾವಲು ಟೈಂಕೀಪರಿನದು. ಫ್ಯಾನ್ ಆರಿಸಿದ. ಫ್ರಿಜ್ ಆರಿಸಿದ. ಮೇಲಿನ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಿದ್ದವರ ಹತ್ತಿರ ಹೋಗಿ, ಕೈಮುಗಿದು, ಸುತ್ತಿಗೆಯನ್ನೇ ಇಸಿದುಕೊಂಡು ಬಂದ. ಕೆಮ್ಮು ಬಂದಾಗ ಬಚ್ಚಲಿಗೆ ಓಡಿ ದಿಂಬಿನಲ್ಲಿ ಮುಖವಿಟ್ಟು ಕೆಮ್ಮಿದ. ಐವತ್ತೆರಡು ನಿಮಿಷ, ಬಾಗಿಲ ಹೊರಗೆ ಬೆವರುತ್ತ, ಸುತ್ತಿಗೆ ಹಿಡಿದು ನಿಂತಿದ್ದ.

ಪಾಠ ಮುಗಿಯಿತು. ಹೆಂಡತಿ ಗಡಿಯಾರ ನೋಡಿ, ಚೀಲ ಹೆಗಲಿಗೇರಿಸಿ, ಬಾಗಿಲು ತೆರೆದು ಪಿಸುಗುಟ್ಟಿದಳು: "ನಿಲ್ಲಿಸಿ, ಸೇವ್ ಮಾಡಿ, ಆಮೇಲೆ ಆಫ್ ಮಾಡಿ. ಇದೇ ಕ್ರಮದಲ್ಲಿ. ಹೊತ್ತಾಯ್ತು, ಬರ್ತೀನಿ."

ಟೈಂಕೀಪರ್ ಯಂತ್ರದ ಮುಂದೆ ಕೂತ. ತೆರೆಯ ಮೇಲೆ ಒಂದು ಕೆಂಪು ಗೆರೆ ಎಡದಿಂದ ಬಲಕ್ಕೆ ಓಡುತ್ತಲೇ ಇತ್ತು. ಹಿಂದಿನ ಟೈಂಕೀಪರ್ ಆಗಿದ್ದರೆ ತಕ್ಷಣ ಏನಾದರೂ ಒತ್ತಿಬಿಡುತ್ತಿದ್ದ. ಈಗಿನವನು ಬದಲಾದ ಮನುಷ್ಯ. ಏನೋ ಓಡುತ್ತಿದೆ, ಓಡುತ್ತಿದ್ದರೆ ಕಾಯಬೇಕು. ಕೈ ಕಟ್ಟಿಕೊಂಡು ಕಾದ.

"ನಿಧಾನಕ್ಕೆ ಮಾಡಪ್ಪ, ಅವಸರ ಇಲ್ಲ" ಎಂದ. ಗೆರೆ ಸಣ್ಣಗೆ ಕುಣಿಯಿತು. ಹೂಂಗುಟ್ಟಿದ ಹಾಗಿತ್ತು. ಅವನಿಗೆ ಖುಷಿಯಾಯಿತು. ಸುಮ್ಮನಾದರೆ ಗೆರೆ ನೆಟ್ಟಗೆ ಓಡುತ್ತಿತ್ತು; ಮಾತಾಡಿದರೆ ಕುಣಿಯುತ್ತಿತ್ತು. ಡಾಕ್ಟರಮ್ಮನ ಕೈಗುಣ ದೊಡ್ಡದು ಎಂದುಕೊಂಡ.

ಮನೆಯಲ್ಲಿ ಬೇರೆ ಯಾರೂ ಇಲ್ಲ. ಎದುರಿಗೆ ತಾಳ್ಮೆಯಿಂದ ಕೇಳುವ ಯಂತ್ರ. ಗಂಟಲಲ್ಲಿ ನಿನ್ನೆಯಿಂದ ಸಿಕ್ಕಿಕೊಂಡದ್ದು ಮಿಸುಕಾಡಿತು. ಸಂಜೆ ಅವಳು ಬಂದಾಗ ಹೇಳಲೇಬೇಕು, ಒಮ್ಮೆ ಹೇಳಿ ನೋಡೋಣ ಎಂದು ಗಂಟಲು ಸರಿಮಾಡಿಕೊಂಡ. ಒಂದು ಸಲ ಹೇಳಿದ. ಸರಿಹೋಗಲಿಲ್ಲ. ಇನ್ನೊಂದು ರೀತಿಯಲ್ಲಿ ಹೇಳಿದ. ಎದ್ದು ನಿಂತು ಹೇಳಿದ. ಕೊನೆಗೆ ಕೂತು ಹೇಳುವಾಗ, ಮಿನುಗುವ ಗೆರೆಯನ್ನೇ ನೋಡುತ್ತ ಕೂತಿದ್ದ ಹೆಂಡತಿಯ ಮುಖ ಕಣ್ಣ ಮುಂದೆ ಬಂದು, ಮೂಗು ಸೋರಿ, ಟವೆಲ್ ಹುಡುಕಬೇಕಾಯಿತು.

ಹದಿನಾಲ್ಕು ನಿಮಿಷವಾದರೂ ಗೆರೆ ನಿಲ್ಲಲಿಲ್ಲ. ಆಗ "ಮೊದಲು ನಿಲ್ಲಿಸಿ" ಎಂದು ಹೆಂಡತಿ ಹೇಳಿದ್ದು ನೆನಪಾಗಿ, ಚೌಕದ ಗುಂಡಿ ಒತ್ತಿದ. ಗೆರೆ ತಟ್ಟನೆ ನಿಂತಿತು. ಸೇವ್ ಮಾಡಿದ. ತೆರೆದಿದ್ದನ್ನೆಲ್ಲ ಒಂದೊಂದಾಗಿ ಮುಚ್ಚಿದ. ಆಫ್ ಒತ್ತಿ ಕಾದ. ಮೂವತ್ತೆಂಟು ಸೆಕೆಂಡಿಗೆ ಯಂತ್ರ ನೆಮ್ಮದಿಯಾಗಿ ಮಲಗಿತು.

ಸಂಜೆ ಹೆಂಡತಿ ಬಂದಾಗ ಬಾಗಿಲಲ್ಲೇ ಕಾದು ನಿಂತಿದ್ದವನು ಬಾಯಿ ತೆರೆದ. ಹೊರಬಿದ್ದದ್ದು "ಬಸ್ಸು ಸಿಕ್ತಾ?" ಎಂಬುದು.

"ಸಿಕ್ತು" ಎಂದು ಅವಳು ಒಳಗೆ ಹೋದಳು. ಪಾಠದ ಮೊದಲ ಎರಡು ನಿಮಿಷ, ನಡುವೆ ಒಂದೆರಡು ಕಡೆ ಕೇಳಿ ನೋಡಿ, ಶುಕ್ರವಾರ ಬೆಳಿಗ್ಗೆ ಒಂಬತ್ತನ್ನೂ ಶಾಲೆಗೆ ಕಳಿಸಿದಳು.

ಶನಿವಾರ ಬೆಳಿಗ್ಗೆ ಶಾಲೆಯ ವಿಜ್ಞಾನದ ಮೇಷ್ಟ್ರ ಫೋನ್ ಬಂತು. ಹೆಂಡತಿಯ ಕೈಯಲ್ಲಿ ಸೋಪಿನ ನೊರೆ. ಮೊಣಕೈಯಿಂದ ಸ್ಪೀಕರ್ ಒತ್ತಿದಳು. ಟೈಂಕೀಪರ್ ಪಕ್ಕದಲ್ಲೇ ಪಾತ್ರೆ ಒರೆಸುತ್ತಿದ್ದ. ಎರಡು ದಿನದಿಂದ ಯಾರೂ ಹೇಳದೇ ಒರೆಸುತ್ತಿದ್ದ.

"ಅಮ್ಮಾ, ಪಾಠ ಎಲ್ಲಾ ಬಹಳ ಚೆನ್ನಾಗಿದೆ. ಮಕ್ಕಳು ನಿನ್ನೆಯಿಂದ ಕೇಳ್ತಾನೇ ಇದಾರೆ. ಒಂದೇ ಅನುಮಾನ. ಭೂಕಂಪ ಮುಗಿದ ಮೇಲೆ ಹದಿನಾಲ್ಕು ನಿಮಿಷದ್ದು ಇನ್ನೊಂದು ಭಾಗ ಇದೆಯಲ್ಲ, ಅದೂ ಪರೀಕ್ಷೆಗೆ ಬರುತ್ತಾ?"

"ಇನ್ನೊಂದು ಭಾಗಾನಾ?"

"ಹೂಂ. ಗಂಡಸಿನ ದನಿ. ಹೆಂಡತಿ ಹತ್ರ ತಪ್ಪೊಪ್ಪಿಕೊಳ್ಳೋದನ್ನ ಅಭ್ಯಾಸ ಮಾಡ್ತಾರೆ. ನಾಲ್ಕು ಸಲ."

ಟೈಂಕೀಪರಿನ ಕೈಯಿಂದ ತಟ್ಟೆ ಜಾರಿ, ನೆಲದ ಮೇಲೆ ಗಿರಗಿರನೆ ತಿರುಗಿ, ಸದ್ದು ಮಾಡುತ್ತ ಮಲಗಿತು.

"ತರಗತಿಯಲ್ಲಿ ಇದರ ಮೇಲೆ ದೊಡ್ಡ ಚರ್ಚೆ ಆಯ್ತಮ್ಮ" ಎಂದರು ಮೇಷ್ಟ್ರು ಸಮಾಧಾನವಾಗಿ. "ಮೊದಲ ಎರಡರಲ್ಲಿ ತಪ್ಪೆಲ್ಲ ಕಂಪ್ಯೂಟರಿಂದೇ ಅನ್ನೋ ಹಾಗಿದೆ, ಅದು ನಡೆಯಲ್ಲ ಅಂದ್ರು ಮಕ್ಕಳು. ನಾಲ್ಕನೇದರಲ್ಲಿ ಅಳು ಜಾಸ್ತಿಯಾಗಿ ಮಾತು ಸರಿಯಾಗಿ ಕೇಳಲ್ಲ. ಮೂರನೇದನ್ನ ಮಾತ್ರ ಎಲ್ಲರೂ ಪಾಸ್ ಮಾಡಿದಾರೆ. ಆ ಯಜಮಾನರು ಯಾರೋ, ಅವರಿಗೆ ತಿಳಿಸಿಬಿಡಿ."

"ತಿಳೀತು ಮೇಷ್ಟ್ರೇ" ಎಂದಳು ಹೆಂಡತಿ.

ಫೋನ್ ಇಟ್ಟ ಮೇಲೆ ಅವಳು ಕೈ ತೊಳೆದುಕೊಂಡು, ಗಂಡನ ಹೆಗಲ ಮೇಲಿದ್ದ ಟವೆಲಿಗೇ ಒರೆಸಿಕೊಂಡು, ಎದುರಿಗೆ ನಿಂತಳು. ತುಟಿ ಬಿಗಿಹಿಡಿದಿದ್ದಳು. ಆದರೆ ಭುಜ ಆಗಲೇ ಕುಲುಕುತ್ತಿತ್ತು.

"ಮೂರನೇದು ಹೇಳಿ."

ಟೈಂಕೀಪರ್ ಯೋಚಿಸಿದ. ತಲೆ ಕೆರೆದ. ಸೂರು ನೋಡಿದ. ಆಣೆಗೂ ಅವನಿಗೆ ಮೂರನೆಯದು ಯಾವುದೆಂದು ನೆನಪಿರಲಿಲ್ಲ.

"ಬಿಡಿ, ಕಷ್ಟಪಡಬೇಡಿ" ಎಂದು ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. "ಕಂಪ್ಯೂಟರ್ ಆನ್ ಮಾಡಿ. ಇಪ್ಪತ್ಮೂರು ಮಕ್ಕಳು ಕೇಳಿದ್ದನ್ನ ನಾನೂ ಒಂದ್ಸಲ ಕೇಳ್ತೀನಿ. ಅಳೋದರಿಂದ ಶುರು ಮಾಡಿ."